ನಿಂಬೆರಸಕ್ಕೆ ಅರ್ಧ ಗಂಟೆ ಸಾಕು, ರಾತ್ರಿಯಿಡೀ ಬೇಡ

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಅಡುಗೆ ಪುಟದಲ್ಲಿ ಕೋಳಿ ಬರಲಿ, ಮೀನು ಬರಲಿ, ಪನ್ನೀರ್ ಬರಲಿ, ಒಂದು ಸಾಲು ಮಾತ್ರ ಮತ್ತೆ ಮತ್ತೆ ಕಾಣಿಸುತ್ತದೆ: ‘ನಿಂಬೆಹಣ್ಣು ಹಿಂಡಿ, ಮಸಾಲೆ ಹಚ್ಚಿ, ರಾತ್ರಿಯಿಡೀ ನೆನೆಯಲು ಬಿಡಿ.’ ಇದನ್ನು ನಂಬಿ ಮಾಡಿದರೆ ಮರುದಿನ ಮೀನು ಕಾವಲಿಗೆ ಬೀಳುವ ಮೊದಲೇ ಚೂರಾಗಿರುತ್ತದೆ. ಕೋಳಿಯ ಎದೆಭಾಗ ಹೊರಗೆ ಹಿಟ್ಟುಹಿಟ್ಟಾಗಿ, ಒಳಗೆ ಒಣಗಿ ಕೂತಿರುತ್ತದೆ. ಮಾಡಿದವರು ತಮ್ಮ ಕೈಗುಣವನ್ನೇ ಬೈದುಕೊಳ್ಳುತ್ತಾರೆ. ತಪ್ಪು ಕೈಯದ್ದಲ್ಲ, ಆ ಸಾಲಿನದ್ದು. ಉಪ್ಪು ಒಳಗಿಳಿಯಲು ಸಮಯ ಬೇಕು. ಹುಳಿಗೆ ಬೇಡ, ಅದು ಹಚ್ಚಿದ ಗಳಿಗೆಯಿಂದಲೇ ಕೆಲಸ ಶುರು ಮಾಡುತ್ತದೆ. ಎರಡಕ್ಕೂ ಒಂದೇ ಗಡಿಯಾರ ಇಟ್ಟಿರುವುದರಿಂದಲೇ ಇಷ್ಟೆಲ್ಲ ಹಾಳಾಗುತ್ತಿದೆ. ಅಡುಗೆ ಬರೆಯುವವರು ಇನ್ನು ಮುಂದೆ ಅಳತೆಯನ್ನು ಗ್ರಾಮಿನಲ್ಲಿ, ನೆನೆಯುವ ಹೊತ್ತನ್ನು ನಿಮಿಷದಲ್ಲಿ ಕೊಡುವಂತೆ ತಾವು ಹೇಳಬೇಕು ಎಂಬುದು ನಮ್ಮ ಕೋರಿಕೆ.

ಬರೀ ಕೋರಿಕೆ ಇಟ್ಟು ಸುಮ್ಮನಾದರೆ ಸಾಲದು. ಆದ್ದರಿಂದ ಶೇಂಗಾ, ನಿಂಬೆ, ಕಿತ್ತಳೆ ಸೇರಿಸಿ ಇಪ್ಪತ್ತೈದು ನಿಮಿಷದೊಳಗೆ ಮಾಡಬಹುದಾದ ಹಚ್ಚುಮಸಾಲೆಯೊಂದನ್ನು ಪೂರ್ತಿ ಅಳತೆಯೊಂದಿಗೆ ಬರೆಯುತ್ತಿದ್ದೇವೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರಿನ ಕೆಂಪು ನೆಲ ಶೇಂಗಾದ್ದೇ. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು ಕರೆಯುವುದೂ ಇದೇ ಬೆಳೆಯಿಂದ. ಇಂಥ ಜಿಲ್ಲೆಯಲ್ಲಿ ಕೂತು ಮ್ಯಾರಿನೇಡ್ ಅಂತ ಬಾಟಲಿಯಲ್ಲಿ ಬರುವ ಸಿಹಿ ಸಾಸ್‌ಗೆ ದುಡ್ಡು ಕೊಡುವುದು ನೋಡಿದರೆ ಬೇಸರವಾಗುತ್ತದೆ.

ಅರ್ಧ ಕೆಜಿ ಕೋಳಿ, ಮೀನು, ಪನ್ನೀರ್ ಅಥವಾ ತರಕಾರಿಗೆ ಬೇಕಾಗುವುದು ಇಷ್ಟು. ಶೇಂಗಾ ಬೀಜ 60 ಗ್ರಾಂ, ಎಂದರೆ ಎರಡು ಹಿಡಿಯಷ್ಟು. ನಿಂಬೆರಸ 30 ಮಿಲಿ, ಊಟದ ಚಮಚದಲ್ಲಿ ಎರಡು. ಮಧ್ಯಮ ಗಾತ್ರದ, ತೆಳು ಸಿಪ್ಪೆಯ ಎರಡು ಹಣ್ಣಿನಲ್ಲಿ ಇಷ್ಟು ಬರುತ್ತದೆ. ಕಿತ್ತಳೆ ರಸ 40 ಮಿಲಿ, ಸುಮಾರು ಅರ್ಧ ಹಣ್ಣಿನದ್ದು. ಒಂದು ನಿಂಬೆಯ ಹಳದಿ ಸಿಪ್ಪೆಯ ತುರಿ. ಗಾಣದ ಶೇಂಗಾ ಎಣ್ಣೆ 20 ಮಿಲಿ. ಬೆಳ್ಳುಳ್ಳಿ ಐದಾರು ಎಸಳು, ಶುಂಠಿ 10 ಗ್ರಾಂ, ಹಸಿಮೆಣಸಿನಕಾಯಿ ಎರಡು ಅಥವಾ ಬಿಸಿನೀರಿನಲ್ಲಿ ನೆನೆಸಿದ ಬ್ಯಾಡಗಿ ಮೆಣಸಿನಕಾಯಿ ಮೂರು. ಜೀರಿಗೆ ಅರ್ಧ ಟೀ ಚಮಚ, ಅರಿಶಿನ ಕಾಲು ಚಮಚ, ಬೆಲ್ಲ 5 ಗ್ರಾಂ. ಪುಡಿ ಉಪ್ಪು 8 ಗ್ರಾಂ, ಎಂದರೆ ಮಟ್ಟಸವಾಗಿ ಒಂದು ಟೀ ಚಮಚ, ಅದರ ಮೇಲೆ ಕಾಲು ಚಮಚ. ಕಲ್ಲುಪ್ಪು ಬಳಸುವವರು ಚಮಚವನ್ನು ನಂಬಬಾರದು. ಹರಳು ದಪ್ಪವಿದ್ದಷ್ಟೂ ಚಮಚದಲ್ಲಿ ಉಪ್ಪು ಕಡಿಮೆ ಕೂರುತ್ತದೆ, ಹಾಗಾಗಿ ಕುಟ್ಟಿ ಪುಡಿ ಮಾಡಿ ಅಳೆಯಬೇಕು. ಅಡುಗೆಮನೆಗೊಂದು ಸಣ್ಣ ಡಿಜಿಟಲ್ ತಕ್ಕಡಿ ತಂದಿಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ.

ಶೇಂಗಾದ ವಿಷಯದಲ್ಲಿ ಯಾರೂ ಆತುರಪಡಬಾರದು. ಈ ಮಸಾಲೆಯ ರುಚಿ ನಿಂತಿರುವುದೇ ಅದರ ಮೇಲೆ. ಸಾಧ್ಯವಾದರೆ ಕಾಯಿ ತಂದು ಮನೆಯಲ್ಲೇ ಸುಲಿಯಿರಿ. ಹೊಟ್ಟಿನೊಳಗಿರುವ ಬೀಜದ ಎಣ್ಣೆ ಬೇಗ ಕಮಟುವುದಿಲ್ಲ. ಸುಲಿದು ಮೂಟೆಯಲ್ಲಿ ತಿಂಗಳುಗಟ್ಟಲೆ ಬಿದ್ದ ಬೀಜ, ಅದರಲ್ಲೂ ಬೇಸಿಗೆಯಲ್ಲಿ, ಬೇಗ ಕಮಟುತ್ತದೆ. ಕಮಟಿದ ಬೀಜವನ್ನು ಎಷ್ಟು ಹುರಿದರೂ ಆ ವಾಸನೆ ಹೋಗದು, ನಿಂಬೆಯೂ ಅದನ್ನು ಮುಚ್ಚದು. ತಂದ ಕೂಡಲೇ ನಾಲ್ಕು ಹಸಿ ಬೀಜ ಅಗಿದು ನೋಡಿದರೆ ತಿಳಿದುಹೋಗುತ್ತದೆ.

ಮೊರದಲ್ಲಿ ಹರಡಿ ಆರಿಸುವ ಕೆಲಸವನ್ನು ಹಿರಿಯರು ತಪ್ಪದೆ ಮಾಡುತ್ತಿದ್ದರು, ಅದನ್ನು ಬಿಡಬಾರದು. ಸುಕ್ಕಿದ್ದು, ಜಳ್ಳು, ಕಪ್ಪಗಾದದ್ದು, ಹಸಿರು ಮಿಶ್ರಿತ ಬೂದಿ ಬಣ್ಣದ ಬೂಷ್ಟು ಹಿಡಿದದ್ದು, ಹುಳ ಕೊರೆದದ್ದು ಎಲ್ಲವನ್ನೂ ತೆಗೆದು ಎಸೆಯಿರಿ. ಶೇಂಗಾ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಎಂಬ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ, ಅದು ಯಕೃತ್ತನ್ನು (ಲಿವರ್) ಕೆಡಿಸುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಈ ಬೂಷ್ಟು ಹೊಲದಲ್ಲೇ ಸೇರಿಕೊಳ್ಳುತ್ತದೆ. ಕೊಯ್ಲಾದ ಮೇಲೆ ಸರಿಯಾಗಿ ಒಣಗಿಸದಿದ್ದರೆ ಗೋದಾಮಿನಲ್ಲೂ ಬೆಳೆಯುತ್ತದೆ. ಮಳೆಯನ್ನೇ ನೆಚ್ಚಿದ ನಮ್ಮ ತಾಲ್ಲೂಕುಗಳಲ್ಲಿ ಇದು ದೂರದ ಮಾತಲ್ಲ. ಹುರಿದರೆ ವಿಷ ಸುಟ್ಟುಹೋಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಮನೆಯ ಉರಿಗೆ ಅದು ಪೂರ್ತಿ ನಾಶವಾಗುವುದಿಲ್ಲ. ಕೆಟ್ಟ ಬೀಜವನ್ನು ಆರಿಸಿ ಎಸೆಯುವುದಕ್ಕೆ ಬದಲಿ ಇಲ್ಲ. ಅರೆದ ಮೇಲೆ ಯಾವುದು ಕೆಟ್ಟದ್ದು ಎಂದು ಕಣ್ಣಿಗೆ ಕಾಣುವುದೂ ಇಲ್ಲ.

ಹುರಿಯಲು ದಪ್ಪ ತಳದ ಬಾಣಲೆ, ಎಣ್ಣೆ ಬೇಡ, ಸಣ್ಣ ಉರಿ. ಬಿಡದೆ ಕೈಯಾಡಿಸುತ್ತ ಎಂಟರಿಂದ ಹತ್ತು ನಿಮಿಷ. ದೀಪಾವಳಿಯ ಆಸುಪಾಸಿನಲ್ಲಿ ಬರುವ ಹೊಸ ಶೇಂಗಾದಲ್ಲಿ ನೀರಿನಂಶ ಹೆಚ್ಚಿರುವುದರಿಂದ ಮೂರ್ನಾಲ್ಕು ನಿಮಿಷ ಜಾಸ್ತಿ ಬೇಕು. ಶೇಂಗಾದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನ್. ಆ ಪ್ರೋಟೀನ್ ಮತ್ತು ಬೀಜದಲ್ಲಿರುವ ಚೂರು ಸಕ್ಕರೆ ಬಿಸಿಯಲ್ಲಿ ಸೇರಿದಾಗಲೇ ಹುರಿದ ಶೇಂಗಾದ ಘಮ ಹುಟ್ಟುವುದು. ಹಸಿ ಬೀಜದಲ್ಲಿ ಅದು ಇಲ್ಲವೇ ಇಲ್ಲ. ದೊಡ್ಡ ಉರಿಯಲ್ಲಿ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ, ಅರೆದರೆ ಕಹಿಯೂ ಹಸಿ ವಾಸನೆಯೂ ಒಟ್ಟಿಗೆ ಬರುತ್ತವೆ. ಸಿಪ್ಪೆಯ ಬಣ್ಣ ನೋಡಿ ಹದ ಹೇಳಲಾಗದು. ಒಂದು ಬೀಜ ತೆಗೆದು ಎರಡು ಹೋಳು ಮಾಡಿ ಒಳಗೆ ನೋಡಬೇಕು: ತಿಳಿ ಕಂದು ಬಣ್ಣ ಬಂದಿದ್ದರೆ ಇಳಿಸಿ. ಇಳಿಸಿದ ಕೂಡಲೇ ತಟ್ಟೆಗೆ ಸುರಿದು ಹರಡಿ. ಬಾಣಲೆಯಲ್ಲೇ ಬಿಟ್ಟರೆ ಉರಿ ಆರಿಸಿದ ಮೇಲೂ ಬೀಜ ತನ್ನ ಬಿಸಿಗೇ ಬಣ್ಣ ಏರಿಸಿಕೊಳ್ಳುತ್ತ ಹೋಗುತ್ತದೆ.

ಕೈಗೆ ತಾಗುವಷ್ಟು ಆರಿದ ಮೇಲೆ ಒರಟು ಬಟ್ಟೆಯಲ್ಲಿ ಉಜ್ಜಿ ಸಿಪ್ಪೆ ತೆಗೆದು ಮೊರದಲ್ಲಿ ಕೇರಿ. ಚಟ್ನಿಪುಡಿಗೆ ಸಿಪ್ಪೆ ಸಮೇತ ಹಾಕುವವರಿದ್ದಾರೆ, ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಬೇಡ. ಕೆಂಪು ಸಿಪ್ಪೆಯ ಒಗರಿಗೆ ನಿಂಬೆಯ ಹುಳಿ ಸೇರಿದರೆ ನಾಲಿಗೆ ಒರಟಾಗುತ್ತದೆ. ನೂರಕ್ಕೆ ಹತ್ತು ಬೀಜದಲ್ಲಿ ಸಿಪ್ಪೆ ಉಳಿದರೆ ತೊಂದರೆಯಿಲ್ಲ.

ಅಂಗಡಿಯ ಹುರಿದ ಉಪ್ಪುಶೇಂಗಾ ಬಳಸುವುದಾದರೆ ಮಸಾಲೆಯ ಉಪ್ಪನ್ನು 2 ಗ್ರಾಂ ಇಳಿಸಿ. ಪೀನಟ್ ಬಟರ್ ಮನೆಯಲ್ಲಿದ್ದರೆ ಡಬ್ಬಿಯ ಹಿಂದೆ ಓದಿ ನೋಡಿ. ಸಕ್ಕರೆ, ಬೇರೆ ಕೊಬ್ಬು ಸೇರಿಸಿದ್ದಾದರೆ ಕಾವಲಿಯ ಮೇಲೆ ಬೇಗ ಸೀಯುತ್ತದೆ. ಬರೀ ಶೇಂಗಾದ್ದಾದರೆ 60 ಗ್ರಾಂ ಬೀಜದ ಬದಲು ಅಷ್ಟೇ ತೂಕ ಹಾಕಬಹುದು.

ಈಗ ಹುಳಿಯ ಕಡೆಗೆ ಬರೋಣ. ನಿಂಬೆ ಒಂದೇ ಸಾಕಲ್ಲ, ಕಿತ್ತಳೆ ಯಾಕೆ ಎಂದು ಕೇಳಬಹುದು. ನಿಂಬೆರಸದಲ್ಲಿ ಸಿಟ್ರಿಕ್ ಆಮ್ಲ ನೂರಕ್ಕೆ ಐದಾರು ಭಾಗ, ಕಿತ್ತಳೆಯಲ್ಲಿ ಸುಮಾರು ಒಂದು ಭಾಗ ಅಥವಾ ಅದಕ್ಕೂ ಕಡಿಮೆ. ಮಸಾಲೆ ಸಡಿಲವಾಗಲು ಬೇಕಾದ ದ್ರವವನ್ನೆಲ್ಲ ನಿಂಬೆಯಿಂದಲೇ ತುಂಬಿದರೆ ಹುಳಿ ಮಿತಿ ಮೀರುತ್ತದೆ. ನೀರಿನಿಂದ ತುಂಬಿದರೆ ರುಚಿ ತೆಳುವಾಗುತ್ತದೆ. ಕಿತ್ತಳೆ ಎರಡರ ನಡುವಿನ ದಾರಿ. ಅದರ ಸಿಹಿ ಶೇಂಗಾಕ್ಕೆ ಒಗ್ಗುತ್ತದೆ. ಕಿತ್ತಳೆ ಸಿಗದ ತಿಂಗಳಲ್ಲಿ ಮೋಸಂಬಿ ಆದೀತು, ಆದರೆ ಅದರ ಹುಳಿ ತೀರಾ ಕಡಿಮೆ; ನಿಂಬೆರಸವನ್ನು 5 ಮಿಲಿ ಹೆಚ್ಚಿಸಿ, ಬೆಲ್ಲ ಕೈಬಿಡಿ. ಹೇರಳೆಕಾಯಿ ಚಿತ್ರಾನ್ನಕ್ಕೆ, ಗೊಜ್ಜಿಗೆ ಒಳ್ಳೆಯದು. ಈ ಮಸಾಲೆಗೆ ಅದರ ಕಹಿ ಮುಂದೆ ಬರುತ್ತದೆ, ಬೇಡ. ಹುಣಸೆಹಣ್ಣು ಹಾಕಿದರೂ ಮಸಾಲೆ ಕೆಡುವುದಿಲ್ಲ, ಆದರೆ ಅದು ಬೇರೆಯೇ ಅಡುಗೆ, ನಿಂಬೆಯ ತಾಜಾತನ ಅದರಲ್ಲಿಲ್ಲ.

ನಿಂಬೆಯ ಸುವಾಸನೆ ಇರುವುದು ರಸದಲ್ಲಿ ಕಡಿಮೆ, ಸಿಪ್ಪೆಯ ಹೊರಪದರದ ಎಣ್ಣೆಯಲ್ಲಿ ಹೆಚ್ಚು. ಆದ್ದರಿಂದ ಹಣ್ಣು ಕೊಯ್ಯುವ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಒರೆಸಿ, ತುರಿಮಣೆಯ ಅತಿ ಸಣ್ಣ ಹಲ್ಲಿನ ಮೇಲೆ ಹಗುರವಾಗಿ ಆಡಿಸಿ. ಹಳದಿ ಮಾತ್ರ ಬರಬೇಕು. ಒಂದು ಜಾಗದಲ್ಲಿ ಎರಡು ಸಲಕ್ಕಿಂತ ಹೆಚ್ಚು ಎಳೆದರೆ ಕೆಳಗಿನ ಬಿಳಿ ತೊಗಟೆ ಬರುತ್ತದೆ, ಅದು ಕಹಿ. ಕೊಯ್ದ ಮೇಲೆ ತುರಿಯಲು ಹೋದರೆ ಹಣ್ಣು ಕೈಯಲ್ಲಿ ನಿಲ್ಲುವುದಿಲ್ಲ, ಬೆರಳು ತುರಿದುಕೊಳ್ಳುತ್ತೀರಿ. ಮಿರಮಿರ ಹೊಳೆಯುವ ಕಿತ್ತಳೆಯ ಮೇಲೆ ಮೇಣ ಹಚ್ಚಿರುವುದುಂಟು, ಅಂಥದರ ಸಿಪ್ಪೆ ಬಳಸದಿರುವುದೇ ಕ್ಷೇಮ. ರಸ ಹಿಂಡುವಾಗಲೂ ಕೊನೆಯ ಹನಿಗಾಗಿ ಸಿಪ್ಪೆಯನ್ನು ತಿರುಚಿ ಹಿಂಸೆ ಮಾಡಬೇಡಿ, ಬೀಜವನ್ನು ಸೋಸಿ ತೆಗೆಯಿರಿ. ಮಿಕ್ಸಿಗೆ ಬಿದ್ದ ಎರಡು ನಿಂಬೆ ಬೀಜ ಇಡೀ ಮಸಾಲೆಯನ್ನು ಕಹಿ ಮಾಡಬಲ್ಲವು. ಹಿಂಡಿದ ರಸವನ್ನು ಬೆಳಿಗ್ಗೆಯಿಂದ ಸಂಜೆಗೆ ಇಡುವುದೂ ಸರಿಯಲ್ಲ. ರಸದಲ್ಲಿ ನಿಧಾನವಾಗಿ ಕಹಿ ಬಿಟ್ಟುಕೊಳ್ಳುತ್ತದೆ, ತಾಜಾ ವಾಸನೆ ಹಾರಿಹೋಗುತ್ತದೆ.

ಬೇಸಿಗೆಯಲ್ಲಿ ನಿಂಬೆಗೆ ಬೆಲೆ ಏರುತ್ತದೆ, ವಿಜಯಪುರದ ಇಂಡಿ ಸೀಮೆಯ ಹಣ್ಣೂ ಆಗ ಅಗ್ಗವಿರದು. ಅಂಥ ದಿನಗಳಲ್ಲಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಒಂದೂವರೆ ಗ್ರಾಂ ತೂಗಿ 30 ಮಿಲಿ ನೀರಿನಲ್ಲಿ ಕರಗಿಸಿದರೆ ಹುಳಿಯ ಮಟ್ಟಿಗೆ ನಿಂಬೆರಸದಷ್ಟೇ ಆಗುತ್ತದೆ. ಸುವಾಸನೆ ಮಾತ್ರ ಅದರಲ್ಲಿ ಇಲ್ಲ, ಅದಕ್ಕೆ ಸಿಪ್ಪೆಯ ತುರಿ ಬೇಕೇ ಬೇಕು. ಚಿತ್ರಾನ್ನಕ್ಕೋ ಪಾನಕಕ್ಕೋ ನಿಂಬೆ ಹಿಂಡುವ ದಿನ ಮೊದಲೇ ಸಿಪ್ಪೆ ತುರಿದು ಸಣ್ಣ ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕಿಟ್ಟುಕೊಂಡರೆ ತಿಂಗಳ ಮೇಲೂ ಉಪಯೋಗಕ್ಕೆ ಬರುತ್ತದೆ.

ಅರೆಯುವ ಕ್ರಮದಲ್ಲಿ ಹೆಚ್ಚಿನವರು ಎಡವುತ್ತಾರೆ. ಎಲ್ಲವನ್ನೂ ಒಟ್ಟಿಗೆ ಜಾರಿಗೆ ಸುರಿದು ತಿರುಗಿಸಿದರೆ ಬೀಜ ರಸದಲ್ಲಿ ತೇಲಿ ಓಡಾಡುತ್ತದೆ, ಅರ್ಧಂಬರ್ಧ ಒಡೆಯುತ್ತದೆ. ಪೂರ್ತಿ ಆರಿದ ಶೇಂಗಾವನ್ನು ಚಟ್ನಿ ಜಾರಿನಲ್ಲಿ ಒಣದಾಗಿಯೇ ಜೀರಿಗೆಯೊಂದಿಗೆ ಮೂರ್ನಾಲ್ಕು ಸೆಕೆಂಡಿನಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ತರಿ ಪುಡಿಯಾದ ಮೇಲೆ ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ, ಬೆಲ್ಲ, ಉಪ್ಪು, ಅರಿಶಿನ, ಎಣ್ಣೆ ಸೇರಿಸಿ ಮತ್ತೆ ತಿರುಗಿಸಿ. ಅಂಚು ಕೆರೆದು ಒಳಗೆ ತಳ್ಳಿ. ಜಾರು ಬಿಸಿಯಾದರೆ ಎರಡು ನಿಮಿಷ ಬಿಡಿ. ಇದು ನುಣ್ಣಗೆ ಮುದ್ದೆಯಾದ ಮೇಲೆ ಕಿತ್ತಳೆ ರಸ, ಆಮೇಲೆ ನಿಂಬೆರಸ, ಎಲ್ಲಕ್ಕೂ ಕೊನೆಗೆ ಕೈಯಿಂದ ಸಿಪ್ಪೆಯ ತುರಿ. ಒರಳಿನಲ್ಲಿ ಅರೆಯುವವರಿಗೆ ಈ ಕ್ರಮ ಹೇಳಬೇಕಾಗಿಲ್ಲ, ಕೈಗೇ ಗೊತ್ತಿರುತ್ತದೆ.

ಇಲ್ಲೊಂದು ಗಾಬರಿ ಎಲ್ಲರಿಗೂ ಆಗುತ್ತದೆ. ರಸ ಹಾಕಿದೊಡನೆ ಮಸಾಲೆ ಸಡಿಲವಾಗುವ ಬದಲು ಇನ್ನೂ ಬಿಗಿದು ಗಂಟಾಗುತ್ತದೆ. ಕೆಟ್ಟಿತೆಂದು ಕೆಲವರು ಎಣ್ಣೆ ಸುರಿಯುತ್ತಾರೆ, ಆಗ ಎಣ್ಣೆ ಮೇಲೆ ತೇಲಿ ನಿಜಕ್ಕೂ ಕೆಡುತ್ತದೆ. ನುಣ್ಣಗೆ ಅರೆದ ಶೇಂಗಾದಲ್ಲಿ ಸಣ್ಣ ಸಣ್ಣ ಕಣಗಳು ತಮ್ಮದೇ ಎಣ್ಣೆಯಲ್ಲಿ ತೇಲುತ್ತಿರುತ್ತವೆ. ಸ್ವಲ್ಪವೇ ನೀರು ಬಿದ್ದಾಗ ಕಣಗಳು ನೀರು ಹೀರಿ ಉಬ್ಬಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೂ ಒಂದೆರಡು ಚಮಚ ದ್ರವ ಹೋದ ಕೂಡಲೇ ಅದೇ ಕಣಗಳು ಬಿಟ್ಟುಕೊಂಡು, ಎಣ್ಣೆ ರಸ ಎರಡನ್ನೂ ಹಿಡಿದು, ಬಣ್ಣ ತಿಳಿಯಾಗಿ, ಮಸಾಲೆ ನಯವಾಗುತ್ತದೆ. ಮುಂದುವರಿಯುವುದೇ ಪರಿಹಾರ. ಕೊನೆಗೆ ಎರಡು ಮೂರು ಚಮಚ ನೀರು ಬೇಕಾಗಬಹುದು, ಚಮಚ ಚಮಚವಾಗಿ ಹಾಕಿ. ಹದ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇರಬೇಕು, ತುಂಡಿಗೆ ಹಚ್ಚಿದರೆ ನಿಲ್ಲಬೇಕು, ಜಾರಿ ತಟ್ಟೆಯ ತಳಕ್ಕೆ ಇಳಿಯಬಾರದು.

ಒಮ್ಮೊಮ್ಮೆ ಬೆಳ್ಳುಳ್ಳಿ ಹುಳಿಗೆ ತಾಗಿ ಹಸಿರು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ವಿಷವೆಂದು ಚೆಲ್ಲಿದ್ದೂ ಉಂಟು. ಬೆಳ್ಳುಳ್ಳಿಯ ಗಂಧಕದ ಅಂಶ ಆಮ್ಲದೊಂದಿಗೆ ಸೇರಿ ಹಾಗಾಗುತ್ತದೆ, ತಿನ್ನಲು ಅಡ್ಡಿಯಿಲ್ಲ.

ಇನ್ನು ಸಮಯ. ಆಮ್ಲ ಮಾಂಸದ ಹೊರಪದರದ ಪ್ರೋಟೀನನ್ನು ಬೆಂಕಿಯಿಲ್ಲದೆಯೇ ಹೆಪ್ಪುಗಟ್ಟಿಸುತ್ತದೆ. ಸ್ವಲ್ಪ ಹೊತ್ತಾದರೆ ಮೇಲ್ಪದರ ಮೃದುವಾಗಿ ಮಸಾಲೆ ಹಿಡಿಯುತ್ತದೆ. ಹೊತ್ತು ಮೀರಿದರೆ ಆ ಪದರ ಬಿಗಿದು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ, ಬೆಂದ ಮೇಲೆ ಸುಣ್ಣದ ಪುಡಿಯಂತೆ ಉದುರುತ್ತದೆ. ಎಷ್ಟು ಕಾದರೂ ನಿಂಬೆ, ಬೆಳ್ಳುಳ್ಳಿ, ಶೇಂಗಾದ ರುಚಿ ತುಂಡಿನೊಳಕ್ಕೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ, ಅಷ್ಟೇ. ಹಾಗಾಗಿ ರಾತ್ರಿಯಿಡೀ ಇಟ್ಟರೆ ರುಚಿ ಒಳಗೆ ಹೋಗುತ್ತದೆಂಬ ಆಸೆ ಈಡೇರುವುದಿಲ್ಲ. ಆಳಕ್ಕೆ ಇಳಿಯುವುದು ಉಪ್ಪೊಂದೇ. ಒಳಗೂ ರುಚಿ ಬೇಕಿದ್ದರೆ ತುಂಡು ಚಿಕ್ಕದಿರಲಿ, ದಪ್ಪ ತುಂಡಿಗೆ ಅರ್ಧ ಇಂಚು ಆಳದ ಗೀರು ಹಾಕಿ.

ಕೆರೆಮೀನು, ಹೊಳೆಮೀನು ಯಾವುದೇ ಇರಲಿ, ಸೂಳೆಕೆರೆಯದಿರಲಿ, ವಾಣಿವಿಲಾಸ ಸಾಗರದ್ದಿರಲಿ, ಬೆರಳು ದಪ್ಪದ ಕಾಟ್ಲಾ ಅಥವಾ ರೋಹು ತುಂಡಿಗೆ ಹದಿನೈದು ನಿಮಿಷ. ಇಪ್ಪತ್ತು ದಾಟಬಾರದು. ಅಂಚು ಬೆಳ್ಳಗಾಗಿ ಪಾರದರ್ಶಕತೆ ಹೋಯಿತೆಂದರೆ ಕಾವಲಿಗೆ ಹಾಕುವ ಹೊತ್ತು ಬಂದಿದೆ. ಮೂಳೆಯಿಲ್ಲದ ಕೋಳಿಗೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಮೂಳೆಸಹಿತ ಗೀರು ಹಾಕಿದ ಕಾಲಿನ ತುಂಡಿಗೆ ಒಂದರಿಂದ ಎರಡು ಗಂಟೆ. ಪನ್ನೀರ್‌ಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಪನ್ನೀರ್ ಹುಳಿಯಿಂದಲೇ ಒಡೆದು ಹೆಪ್ಪುಗಟ್ಟಿದ್ದು, ಅದನ್ನು ಹುಳಿಯಲ್ಲಿ ಇನ್ನಷ್ಟು ಇಟ್ಟರೆ ಮೃದುವಾಗದು, ಬರೀ ಹುಳಿಯಾಗಿ ಅಂಚು ಉದುರುತ್ತದೆ. ಮಟನ್‌ಗೆ ಈ ಮಸಾಲೆ ಒಂದೇ ಸಾಲದು. ಅದರ ಗಟ್ಟಿ ನಾರನ್ನು ನಿಂಬೆ ಸಡಿಲಿಸಲಾರದು. ಮೊಸರಿನಲ್ಲೋ, ಒಂದು ಟೀ ಚಮಚ ಹಸಿ ಪಪ್ಪಾಯಿ ಅರೆದದ್ದರಲ್ಲೋ ಮೊದಲು ಇಟ್ಟು, ಕುಕ್ಕರಿನಲ್ಲಿ ಬೇಯಿಸಿ, ಆಮೇಲೆ ಈ ಮಸಾಲೆ ಸವರಿ ಹುರಿಯುವುದೇ ಸರಿ.

ಬೆಳಿಗ್ಗೆ ಕೆಲಸಕ್ಕೆ ಹೊರಡುವವರಿಗೆ ಹಿಂದಿನ ರಾತ್ರಿಯೇ ತಯಾರಿ ಆಗಬೇಕು, ಅದು ನಿಜ. ಅದಕ್ಕೂ ದಾರಿಯಿದೆ. ಶೇಂಗಾ, ಎಣ್ಣೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಅರಿಶಿನ, ಉಪ್ಪು, ಬೆಲ್ಲ ಇಷ್ಟನ್ನು ಮೂರು ಚಮಚ ನೀರಿನೊಂದಿಗೆ ಅರೆದು ಕೋಳಿಗೆ ಹಚ್ಚಿ ಫ್ರಿಜ್‌ನಲ್ಲಿಡಿ. ಶುಂಠಿ, ಕಿತ್ತಳೆ, ನಿಂಬೆ ಮೂರನ್ನೂ ಆಗ ಹಾಕಬೇಡಿ. ಹಸಿ ಶುಂಠಿಯಲ್ಲಿ ಮಾಂಸದ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ, ರಾತ್ರಿಯಿಡೀ ಬಿಟ್ಟರೆ ಮೇಲ್ಭಾಗ ಲೊಳೆಯಾಗುತ್ತದೆ. ಬೇಯಿಸುವ ಅರ್ಧ ಗಂಟೆ ಮುಂಚೆ ಆ ಮೂರನ್ನೂ ಸೇರಿಸಿ ಕಲಸಿ. ರಾತ್ರಿಯಿಡೀ ಉಪ್ಪು ತನ್ನ ಕೆಲಸ ಮಾಡಿರುತ್ತದೆ, ಹುಳಿಗೆ ಉಳಿದ ಅರ್ಧ ಗಂಟೆ ಬೇಕಾದಷ್ಟಾಯಿತು. ಇದು ಮೀನಿಗೆ ಬೇಡ.

ಮಾಂಸ ತಿನ್ನದ ಮನೆಗಳು ದಾವಣಗೆರೆ, ಚಿತ್ರದುರ್ಗದಲ್ಲಿ ಬಹಳ. ತರಕಾರಿಗೂ ಈ ಮಸಾಲೆ ಅಷ್ಟೇ ಒಗ್ಗುತ್ತದೆ, ಆದರೆ ಹುಳಿಗೆ ಪ್ರತಿ ತರಕಾರಿಯೂ ಬೇರೆ ಬೇರೆ ಉತ್ತರ ಕೊಡುತ್ತದೆ. ಆಲೂಗಡ್ಡೆಯನ್ನು ಹಸಿಯಾಗಿ ನಿಂಬೆಯಲ್ಲಿ ಹಾಕಿದರೆ ಅದು ಬೇಗ ಬೇಯುವುದಿಲ್ಲ, ಹುಳಿ ಅದರ ಕೋಶಗಳ ನಡುವಿನ ಅಂಟನ್ನು ಬಿಡಿಸಗೊಡುವುದಿಲ್ಲ. ಮುಕ್ಕಾಲು ಭಾಗ ಬೇಯಿಸಿ, ಬಿಸಿ ಇರುವಾಗಲೇ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಹೂಕೋಸನ್ನು ಉಪ್ಪುನೀರಿನಲ್ಲಿ ಮೂರು ನಿಮಿಷ ಕುದಿಸಿ, ಪೂರ್ತಿ ಬಸಿದು ಒಣಗಿಸಿ. ಬದನೆಕಾಯಿ ಬಿಲ್ಲೆಗೆ ಹತ್ತು ನಿಮಿಷ ಸಾಕು, ಹೆಚ್ಚಾದರೆ ಉಪ್ಪಿಗೆ ನೀರು ಬಿಟ್ಟು ಮಸಾಲೆಯೆಲ್ಲ ಜಾರುತ್ತದೆ. ಅಣಬೆಯೂ ಹಾಗೆಯೇ. ದಪ್ಪಮೆಣಸಿನಕಾಯಿ, ಬೀನ್ಸ್‌ನಂಥ ಹಸಿರು ತರಕಾರಿಯ ಬಣ್ಣ ಹುಳಿಯಲ್ಲಿ ಮಾಸಿ ಕಂದಾಗುತ್ತದೆ, ಹಾಗಾಗಿ ಅವನ್ನು ನೆನೆಸದೆ, ಕಾವಲಿಯಿಂದ ಇಳಿಸುವ ಎರಡು ನಿಮಿಷ ಮೊದಲು ಮಸಾಲೆ ಸವರಿ.

ಪಾತ್ರೆಯ ಬಗ್ಗೆ: ಗಾಜು, ಪಿಂಗಾಣಿ, ಸ್ಟೀಲ್ ಇವೇ. ಅಲ್ಯೂಮಿನಿಯಂ, ಕಲಾಯಿ ಹೋದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ನಿಂಬೆಯ ಮಸಾಲೆ ಇಡಬಾರದು. ಲೋಹ ಕರಗಿ ಮಸಾಲೆಗೆ ಇಳಿಯುತ್ತದೆ.

ಬೇಯಿಸುವಾಗಿನ ದೊಡ್ಡ ತೊಂದರೆ ಸೀಯುವುದು. ಶೇಂಗಾ ಕಣ, ಬೆಲ್ಲ, ಕಿತ್ತಳೆಯ ಸಕ್ಕರೆ ಮೂರೂ ಕೋಳಿ ಬೇಯುವ ಮೊದಲೇ ಕಪ್ಪಾಗುತ್ತವೆ. ಅರೆದ ಮಸಾಲೆಯಲ್ಲಿ ಕಾಲು ಭಾಗವನ್ನು ಹಸಿ ಮಾಂಸಕ್ಕೆ ತಾಗಿಸುವ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ. ಉಳಿದದ್ದನ್ನು ಹಚ್ಚಿ, ಹೊತ್ತು ಮುಗಿದ ಮೇಲೆ ತುಂಡನ್ನು ಎತ್ತಿ ಹೆಚ್ಚಿನ ಮಸಾಲೆಯನ್ನು ಬೆರಳಿನಿಂದ ಸವರಿ ತೆಗೆದು, ತೆಳು ಲೇಪ ಮಾತ್ರ ಉಳಿಸಿ, ಮಧ್ಯಮ ಉರಿಯ ಕಾವಲಿಗೆ ಹಾಕಿ. ಕಾವಲಿಗೆ ರಿಫೈನ್ಡ್ ಎಣ್ಣೆ ಹಾಕುವುದೇ ಸರಿ. ಗಾಣದ ಎಣ್ಣೆ ಬೇಗ ಹೊಗೆಯಾಡುತ್ತದೆ. ಅದರ ಘಮ ಬೇಕಾಗಿರುವುದು ಮಸಾಲೆಯೊಳಗೆ. ಮೀನನ್ನು ಒಂದು ಬದಿ ಮೂರ್ನಾಲ್ಕು ನಿಮಿಷ ಮುಟ್ಟಬೇಡಿ, ಹೊರಪದರ ಬಿಗಿದ ಮೇಲೆ ತಾನೇ ಕಾವಲಿ ಬಿಡುತ್ತದೆ. ಮೂಳೆಯಿಲ್ಲದ ಕೋಳಿ ತುಂಡಿಗೆ ಒಟ್ಟು ಹತ್ತು ಹನ್ನೆರಡು ನಿಮಿಷ ಬೇಕು, ಓವನ್ ಇದ್ದವರು ಕಾಲಿನ ತುಂಡನ್ನು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂವತ್ತೈದು ನಿಮಿಷದಷ್ಟು ಇಡಬಹುದು. ಕೋಳಿಯ ನಡುಭಾಗ 74 ಡಿಗ್ರಿ ಮುಟ್ಟಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಅತಿ ದಪ್ಪ ಜಾಗದಲ್ಲಿ ಚಾಕು ಚುಚ್ಚಿ ನೋಡಿ, ಬರುವ ರಸ ತಿಳಿಯಾಗಿರಬೇಕು, ಗುಲಾಬಿ ಬಣ್ಣ ಕಾಣಬಾರದು. ಕೊನೆಯ ಮೂರು ನಿಮಿಷದಲ್ಲಿ ತೆಗೆದಿಟ್ಟ ಮಸಾಲೆಯಲ್ಲಿ ಅರ್ಧ ಸವರಿ. ಉರಿಯಿಂದ ಇಳಿಸಿದ ಮೇಲೆ ನಾಲ್ಕು ಹನಿ ಹೊಸ ನಿಂಬೆರಸ ಹಿಂಡಿ. ನಿಂಬೆಯ ಸುವಾಸನೆ ಬಿಸಿಗೆ ಹಾರುವಂಥದ್ದು, ಮೊದಲು ಹಾಕಿದ್ದರಲ್ಲಿ ಹುಳಿ ಉಳಿದಿರುತ್ತದೆಯೇ ಹೊರತು ಪರಿಮಳ ಉಳಿದಿರುವುದಿಲ್ಲ.

ತೆಗೆದಿಟ್ಟದ್ದರಲ್ಲಿ ಮಿಕ್ಕಿದ್ದು ಪಕ್ಕಕ್ಕೆ ಚಟ್ನಿಯಾಗುತ್ತದೆ. ಈರುಳ್ಳಿ, ಕೊತ್ತಂಬರಿ ಜೊತೆ ಮಂಡಕ್ಕಿಗೆ ಕಲಸಿದರೂ ಬಹಳ ರುಚಿ. ಹಸಿ ಮಾಂಸ, ಮೀನಿಗೆ ತಾಗಿದ ಮಸಾಲೆಯನ್ನು ಮಾತ್ರ ಎಷ್ಟೇ ಉಳಿದರೂ ಚೆಲ್ಲಿಬಿಡಿ. ನಿಂಬೆಯ ಹುಳಿ ಕ್ರಿಮಿಯನ್ನು ಕೊಲ್ಲುತ್ತದೆಂದು ನಂಬಿ ಅದನ್ನೇ ಮತ್ತೆ ಸವರುವುದು, ಇನ್ನೊಂದು ದಿನಕ್ಕೆ ಎತ್ತಿಡುವುದು ಅಪಾಯ. ಅರ್ಧ ಗಂಟೆಗಿಂತ ಹೆಚ್ಚು ನೆನೆಯಬೇಕಾದದ್ದು ಫ್ರಿಜ್‌ನಲ್ಲೇ ನೆನೆಯಲಿ. ಮಾರ್ಚಿಯಿಂದ ಮೇ ತನಕ ನಮ್ಮ ಕಡೆ ಅಡುಗೆಮನೆಯ ಕಟ್ಟೆಯ ಮೇಲೆ ಹಸಿ ಕೋಳಿ ಒಂದು ಗಂಟೆಗಿಂತ ಹೆಚ್ಚು ಇರಲೇಬಾರದು. ಮಾಂಸ ತಾಗದ ಮಸಾಲೆ ಮುಚ್ಚಳ ಬಿಗಿದ ಗಾಜಿನ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ, ಮೂರು ದಿನ ಚೆನ್ನಾಗಿರುತ್ತದೆ. ಗಟ್ಟಿಯಾಗಿದ್ದರೆ ಒಂದು ಚಮಚ ಬಿಸಿನೀರು ಹಾಕಿ ಕದಡಿ.

ಶೇಂಗಾ ಒಗ್ಗದವರಿಗೆ ಇದರ ಒಂದು ಚಮಚವೂ ಗಂಭೀರ ತೊಂದರೆ ತರಬಲ್ಲದು, ಉಸಿರು ಕಟ್ಟುವ ತನಕ ಹೋಗಬಹುದು. ಬೆಂದ ಮೇಲೆ ನೋಡಿದರೆ ಇದರಲ್ಲಿ ಶೇಂಗಾ ಇದೆಯೆಂದು ಗೊತ್ತಾಗುವುದೇ ಇಲ್ಲ. ಮಕ್ಕಳ ಬುತ್ತಿಗೆ ಕಟ್ಟುವಾಗ, ಮನೆಗೆ ಬಂದವರಿಗೆ ಬಡಿಸುವಾಗ ಮೊದಲೇ ಹೇಳಿಬಿಡಬೇಕು. ಅವರಿಗೆ ಅದೇ ಅಳತೆಯಲ್ಲಿ, ಬೇರೆ ತೊಳೆದ ಜಾರಿನಲ್ಲಿ, 40 ಗ್ರಾಂ ಹುರಿಗಡಲೆ ಮತ್ತು 20 ಮಿಲಿ ಹೆಚ್ಚಿನ ಎಣ್ಣೆಯಿಂದ ಮಾಡಿಕೊಡಬಹುದು. ಎಣ್ಣೆ ಮಾತ್ರ ಪೂರ್ತಿ ಸೂರ್ಯಕಾಂತಿಯದ್ದಾಗಿರಲಿ, ಗಾಣದ ಶೇಂಗಾ ಎಣ್ಣೆಯಲ್ಲಿ ಶೇಂಗಾದ ಪ್ರೋಟೀನ್ ಉಳಿದಿರುತ್ತದೆ. ಎಳ್ಳು ಒಳ್ಳೆಯ ಬದಲಿಯಂತೆ ಕಂಡರೂ ಅದೂ ಕೆಲವರಿಗೆ ಒಗ್ಗದು, ಕೇಳಿಯೇ ಹಾಕಬೇಕು.

ಇಂತಿ ತಮ್ಮ ವಿಶ್ವಾಸಿಗಳು,
ಅಡುಗೆ ಕೆಲಸದಲ್ಲಿರುವ ಇಬ್ಬರು ಓದುಗರು
ಚಿತ್ರದುರ್ಗ